ಫೋನ್ ಅಪ್ಪನ ಕಿಸೆಯಲ್ಲಿದೆ: ಕವಲು ಕಥೆ ಕಟ್ಟೋದು ಹೀಗೆ

ಮುಂದೇನು ಅನ್ನೋದನ್ನ ಓದುವವರೇ ಆರಿಸುವ ಕಥೆ ಗೊತ್ತಲ್ವಾ? ವಿಜಯಪುರ ಕಡೆಯ ಹಳ್ಳಿ ಹುಡುಗಿಯರಿಗೆ ಬಾಲ್ಯವಿವಾಹದ ಬಗ್ಗೆ ಅಂಥದ್ದೊಂದು ಮಾಡಿದೆ. ಮೊದಲನೆಯದು ಪೂರ್ತಿ ಕೆಟ್ಟಿತ್ತು. 'ಮದುವೆಗೆ ಒಪ್ಪು', ಇಲ್ಲಾ '1098ಕ್ಕೆ (ಮಕ್ಕಳ ಸಹಾಯವಾಣಿ) ಫೋನ್ ಮಾಡು', ಎರಡೇ ಆಯ್ಕೆ. ಎಲ್ಲರೂ ಎರಡನೆಯದನ್ನೇ ಒತ್ತಿದರು. ಒಬ್ಬಳು ಮಾತ್ರ ಕೇಳಿದಳು, "ಫೋನ್ ಅಪ್ಪನ ಕಿಸೆದಾಗ ಇರ್ತೈತ್ರಿ, ಹ್ಯಾಂಗ ಮಾಡೂದು?"

ಕಥೆ ಅಲ್ಲಿಂದ ಶುರುವಾಗಬೇಕಿತ್ತು.

ಹಾಗಾಗಿ ಮೊದಲು ಕಂಪ್ಯೂಟರ್ ಮುಟ್ಟಬೇಡಿ, ಹಾಳೆ ಮೇಲೆ ಒಂದು ಮನೆ ಬರೆಯಿರಿ. ನನ್ನದರಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿ, ಹಾಸಿಗೆ ಹಿಡಿದ ಅಜ್ಜಿ, ಕಬ್ಬು ಕಡಿಯಲು ಹೋಗಿ ಬಂದ ಅವ್ವ-ಅಪ್ಪ, ಸೋದರಮಾವನಿಗೇ ಕೊಡೋಣ ಅನ್ನೋ ಮಾತು. ಬೆಳೆದ ಮಗಳನ್ನು ಒಬ್ಬಳನ್ನೇ ಬಿಟ್ಟು ಮುಂದಿನ ವರ್ಷ ಮತ್ತೆ ಕಬ್ಬಿಗೆ ಹೋಗಬೇಕಲ್ಲ ಅನ್ನೋ ಅವ್ವನ ಭಯವೂ ನಿಜವೇ, ಅದನ್ನು ಬಿಟ್ಟರೆ ನಿಮ್ಮ ಕಥೆ ಗೋಡೆಗೆ ಅಂಟಿಸುವ ಪೋಸ್ಟರ್ ಆಗುತ್ತೆ.

ಕಟ್ಟೋಕೆ ಟ್ವೈನ್ (Twine) ಅನ್ನೋ ಕವಲು ಕಥೆಯ ತಂತ್ರಾಂಶ ಸಾಕು. ಉಚಿತ, ಬ್ರೌಸರಿನಲ್ಲೇ ನಡೆಯುತ್ತೆ, ಕನ್ನಡದಲ್ಲೇ ಟೈಪ್ ಮಾಡಬಹುದು. ಕಥೆಯ ಒಂದೊಂದು ತುಣುಕಿನ ಕೊನೆಗೆ ಹೀಗೆ ಬರೆಯಿರಿ:

[[ಟೀಚರ್‌ಗೆ ಹೇಳ್ತೀನಿ->ಶಾಲೆ]]
[[ಮೊದಲ ಅಜ್ಜಿ ಕೂಡ ಮಾತಾಡ್ತೀನಿ->ಅಜ್ಜಿ]]

ಬಾಣದ ಎಡಕ್ಕಿರುವುದು ಓದುವವರಿಗೆ ಕಾಣುತ್ತೆ, ಬಲಕ್ಕಿರುವುದು ಮುಂದಿನ ತುಣುಕಿನ ಹೆಸರು. ಆ ಹೆಸರಿನ ಡಬ್ಬಿ ತಾನೇ ಮೂಡುತ್ತೆ. ಎರಡೂ ದಾರಿಯಲ್ಲಿ ಏನಾದರೂ ಕಳೆದುಕೊಳ್ಳೋದಿರಲಿ: ಟೀಚರ್‌ಗೆ ಹೇಳಿದರೆ ಸಂಜೆಯೊಳಗೆ ಓಣಿಗೆಲ್ಲ ಸುದ್ದಿ, ಅಜ್ಜಿಗೆ ಹೇಳಿದರೆ ಎರಡು ದಿನ ಹೋಯಿತು.

ಕವಲು ಜಾಸ್ತಿ ಮಾಡೋ ಆಸೆ ಬರುತ್ತೆ, ತಡೆಯಿರಿ. ಪ್ರತಿ ಸಲ ಎರಡು ದಾರಿ ಅಂದರೆ ಐದನೇ ಆಯ್ಕೆಗೆ 32 ಕೊನೆಗಳು! ನಡುನಡುವೆ ದಾರಿ ಕೂಡಿಸಿ. ನನ್ನ ಕಥೆಯಲ್ಲಿ ಎಲ್ಲಿಂದ ಹೋದರೂ ನಿಶ್ಚಯದ ಹಿಂದಿನ ರಾತ್ರಿಗೇ ಬರ್ತಾರೆ.

ಕಾನೂನನ್ನು ಭಾಷಣ ಮಾಡಿಸಬೇಡಿ, ಜಗಳದಲ್ಲಿ ಬರಲಿ. "ತಾಳಿ ಬಿದ್ದ ಮ್ಯಾಲ ಯಾರ್ ಏನ್ ಮಾಡ್ತಾರ?" ಅಂತಾನೆ ಮಾವ. ಹುಡುಗಿಗೆ 18, ಹುಡುಗನಿಗೆ 21 ಆಗಿರದಿದ್ದರೆ ಆ ಮದುವೆ ಊರ್ಜಿತವೇ ಅಲ್ಲ, 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ಮಾಡಿದ 2016ರ ತಿದ್ದುಪಡಿ ಅದನ್ನೇ ಹೇಳುತ್ತೆ. ನನ್ನ ಕಥೆಯಲ್ಲಿ ಈ ಉತ್ತರ ಕೊಡೋದು ಹಾಸಿಗೆ ಮೇಲಿನ ಅಜ್ಜಿ. ಮೊದಲೇ ಅವಳ ಜೊತೆ ಮಾತಾಡಿದ್ದರೆ ಮಾತ್ರ. ಅದಕ್ಕೇ ಆ ರಾತ್ರಿಯನ್ನು ಎರಡು ಥರ ಬರೆದಿಟ್ಟೆ, ಸೋಮಾರಿ ಉಪಾಯ, ನಡೆಯುತ್ತೆ.

ನಿಜವಾದ ಹುಡುಗಿಯ ಹೆಸರು, ಊರು ಯಾವುದೂ ಬೇಡ. ಮುಗಿದ ಮೇಲೆ ಒಬ್ಬರಿಗೆ ಕೊಟ್ಟು ಪಕ್ಕದಲ್ಲಿ ಸುಮ್ನೆ ಕೂತು ಬೆರಳು ನೋಡಿ. ತಡವರಿಸದೆ ಒತ್ತಿದರೆ ಆ ಆಯ್ಕೆಯನ್ನು ಮತ್ತೆ ಬರೆಯಿರಿ.