ಬಾಲ್ ಬಿಡಿ, ಮುಂದಿರೋ ಐದು ಜನರನ್ನ ನೋಡಿ: ಸೂಪರ್ ಬೌಲ್ ಗೆಲ್ಲೋ ಟೀಮ್ ಗುರುತಿಸೋದು ಹೀಗೆ

ಸೂಪರ್ ಬೌಲ್, ಅಂದ್ರೆ ಅಮೆರಿಕನ್ ಫುಟ್‌ಬಾಲ್ ಲೀಗಿನ ಫೈನಲ್, ನಮ್ಮ ಬೆಂಗಳೂರು ಟೈಮಲ್ಲಿ ಸೋಮವಾರ ಬೆಳಿಗ್ಗೆ 5 ಗಂಟೆಗೆ ಶುರುವಾಗುತ್ತೆ, ಹಾಲಿನವ್ರು ಬರೋ ಹೊತ್ತು, ಮನೇಲಿ ಎಲ್ರೂ ಮಲಗಿರ್ತಾರೆ, ಹಾಗಾಗಿ ಟೀವಿ ಮ್ಯೂಟ್ ಮಾಡೇ ನೋಡ್ಬೇಕು. ನಾನು ಈ ಆಟ ಅರ್ಥ ಮಾಡ್ಕೊಂಡಿದ್ದೇ ಹಾಗೆ. ಕಾಮೆಂಟರಿ ಇಲ್ಲ ಅಂದ್ರೆ ಕ್ವಾರ್ಟರ್‌ಬ್ಯಾಕ್ (ಬಾಲ್ ಎಸೆದು ಆಟ ನಡೆಸೋನು) ಹೆಸರನ್ನ ನೂರು ಸಲ ಕಿವಿಗೆ ತುಂಬೋರು ಯಾರೂ ಇರಲ್ಲ, ಕಣ್ಣು ತಾನಾಗೇ ಅವನ ಮುಂದೆ ನಿಂತಿರೋ ಆ ಐದು ಜನ ದಪ್ಪ ಆಸಾಮಿಗಳ ಮೇಲೆ ಹೋಗುತ್ತೆ. ಅಮೆರಿಕ ಕ್ಲೈಂಟ್ ಇರೋ ಪ್ರಾಜೆಕ್ಟಲ್ಲಿ ಕೆಲಸ ಮಾಡೋ ಫ್ರೆಂಡ್ಸ್ ಜನವರಿ ಬಂತು ಅಂದ್ರೆ "ಈ ಸಲ ಯಾರು ಗೆಲ್ತಾರೆ" ಅಂತ ಕೇಳೋಕೆ ಶುರು ಮಾಡ್ತಾರೆ, ನಾನು ವಾಪಸ್ ಕೇಳೋದು ಒಂದೇ ಪ್ರಶ್ನೆ, ಆ ಟೀಮಿನ ಐದು ಜನರಲ್ಲಿ ವೀಕ್ ಯಾರು? ಅದನ್ನ ಕಂಡುಹಿಡಿಯೋದು ಹೇಗೆ ಅಂತ ಇಲ್ಲಿ ಹೇಳ್ತೀನಿ, ಚಾಂಪಿಯನ್‌ಶಿಪ್‌ಗೆ ಅದು ಎಷ್ಟು ಮುಖ್ಯ ಅನ್ನೋದೂ ಹೇಳ್ತೀನಿ.

ಮೊದಲು ಆ ಐದು ಜನ ಯಾರು ಅಂತ ತಿಳ್ಕೊಳ್ಳಿ. ಅವರನ್ನ ಒಟ್ಟಿಗೆ ಅಫೆನ್ಸಿವ್ ಲೈನ್, ಚಿಕ್ಕದಾಗಿ ಲೈನ್ ಅಂತಾರೆ. ಮಧ್ಯದಲ್ಲಿ ಬಗ್ಗಿ ಬಾಲ್‌ನ ಹಿಂದಕ್ಕೆ ಕೊಡೋನು ಸೆಂಟರ್, ಅವನ ಎರಡೂ ಪಕ್ಕ ಗಾರ್ಡ್‌ಗಳು, ತುದಿಗಳಲ್ಲಿ ಟ್ಯಾಕಲ್‌ಗಳು. ಜರ್ಸಿ ನಂಬರ್ 50ರಿಂದ 79ರ ಒಳಗೆ ಇರುತ್ತೆ. ಪಾಸ್ (ಬಾಲ್ ಎಸೆಯೋದು) ಆದ್ರೆ ಎದುರಾಳಿನ ತಡೆದು ಕ್ವಾರ್ಟರ್‌ಬ್ಯಾಕ್‌ಗೆ ಟೈಮ್ ಕೊಡೋದು, ರನ್ (ಬಾಲ್ ಹಿಡ್ಕೊಂಡು ಓಡೋದು) ಆದ್ರೆ ಎದುರಾಳಿನ ತಳ್ಳಿ ದಾರಿ ಮಾಡೋದು, ಇಷ್ಟೇ ಕೆಲಸ. ಸ್ಕೋರ್‌ಕಾರ್ಡಲ್ಲಿ ಇವರ ಹೆಸರು ಬರಲ್ಲ.

ಕಬಡ್ಡಿ ನೋಡೋರಿಗೆ ಇದು ಬೇಗ ಹೊಳೆಯುತ್ತೆ. 2019ರ ಜನವರಿ ಫೈನಲಲ್ಲಿ ಬೆಂಗಳೂರು ಬುಲ್ಸ್ ಗೆದ್ದಾಗ ಪವನ್ ಸೆಹ್ರಾವತ್‌ದು 22 ರೈಡ್ ಪಾಯಿಂಟ್, ಅದು ಎಲ್ರಿಗೂ ನೆನಪಿದೆ, ಕವರ್‌ನಲ್ಲಿ ಕೈ ಕೈ ಹಿಡ್ಕೊಂಡು ಚೈನ್ ಹಾಕಿ ನಿಂತೋರ ಹೆಸರು ಎಷ್ಟು ಜನಕ್ಕೆ ನೆನಪಿದೆ? ಚೈನ್‌ನಲ್ಲಿ ಒಬ್ಬನ ಕೈ ಜಾರಿದ್ರೆ ಪಕ್ಕದೋನು ಎಷ್ಟೇ ಗಟ್ಟಿ ಇದ್ರೂ ರೈಡರ್ ನಡುವೆ ನುಗ್ಗಿ ಹೋಗ್ತಾನೆ. ಅಫೆನ್ಸಿವ್ ಲೈನ್ ಅಂದ್ರೆ ಅದೇ ಚೈನು, ಇಲ್ಲಿ ಕೈ ಹಿಡ್ಕೊಂಡಿರಲ್ಲ ಅಷ್ಟೇ.

ಈಗ ನೋಡೋ ವಿಧಾನ. ಬಾಲ್ ಸ್ನ್ಯಾಪ್ ಆದ ತಕ್ಷಣ, ಅಂದ್ರೆ ಸೆಂಟರ್ ಅದನ್ನ ಹಿಂದಕ್ಕೆ ಕೊಟ್ಟ ತಕ್ಷಣ, ಬಾಲ್‌ನ ಮರೆತುಬಿಡಿ, ಕಷ್ಟ ಆಗುತ್ತೆ ಆದ್ರೂ ಮಾಡಿ. ಒಂದು ಡ್ರೈವ್ (ಬಾಲ್ ಒಂದೇ ಟೀಮಿನ ಕೈಯಲ್ಲಿರೋ ಅಷ್ಟು ಹೊತ್ತು) ಪೂರ್ತಿ ಒಬ್ಬನನ್ನೇ ನೋಡಿ, ಶುರು ಮಾಡೋಕೆ ಲೆಫ್ಟ್ ಟ್ಯಾಕಲ್ ಒಳ್ಳೇದು, ಯಾಕಂದ್ರೆ ಬಲಗೈ ಕ್ವಾರ್ಟರ್‌ಬ್ಯಾಕ್ ಎಸೆಯೋಕೆ ತಿರುಗಿದಾಗ ಬೆನ್ನು ಬರೋದು ಆ ಕಡೆಗೇ. ಅವನ ಪಾದ ನೋಡಿ. ಎಡಗಾಲು ಹಿಂದಕ್ಕೆ ಜಾರಿಸ್ತಾನೆ, ಬಲಗಾಲು ಹಿಂಬಾಲಿಸುತ್ತೆ, ಎರಡು ಕಾಲಿನ ನಡುವೆ ಅಂತರ ಹಾಗೇ ಇರುತ್ತೆ, ಸೊಂಟ ಕೆಳಗೆ, ತಲೆ ಮೇಲೆ. ಒಳ್ಳೆ ಟ್ಯಾಕಲ್ 140 ಕೆಜಿ ಮೈ ಇಟ್ಕೊಂಡು ಇದನ್ನ ಡ್ಯಾನ್ಸ್ ಥರ ಮಾಡ್ತಾನೆ, ನೋಡೋಕೇ ಖುಷಿ. ಕಾಲು ಕ್ರಾಸ್ ಆಯ್ತಾ, ಸೊಂಟ ಬಾಗಿ ತಲೆ ಮುಂದಕ್ಕೆ ಬಂತಾ, ಭಾರ ಹಿಮ್ಮಡಿ ಮೇಲೆ ಬಿತ್ತಾ, ಅವನ ಕಥೆ ಮುಗೀತು, ಈ ಪ್ಲೇನಲ್ಲಿ, ಅಂದ್ರೆ ಈ ಒಂದು ಸ್ನ್ಯಾಪಿನ ಆಟದಲ್ಲಿ, ಅಲ್ದಿದ್ರೂ ಮುಂದಿನ ಕ್ವಾರ್ಟರಲ್ಲಿ. ಆಮೇಲೆ ಕೈ. ಎದುರಾಳಿ ಎದೆ ಮೇಲೆ ಒಳಗಡೆ ಕೈ ಇಟ್ಟಿದ್ರೆ ಗೆಲ್ತಿದ್ದಾನೆ, ತೋಳು ಹೊರಗೆ ಹೋಗಿ ಜರ್ಸಿ ಹಿಡ್ಕೊಂಡಿದ್ರೆ ಸೋಲ್ತಿದ್ದಾನೆ, ಹೋಲ್ಡಿಂಗ್ (ಹಿಡ್ಕೊಂಡ ತಪ್ಪು) ಅಂತ ರೆಫರಿ ಫ್ಲ್ಯಾಗ್ ಬಿದ್ರೆ ಟೀಮ್ 10 ಯಾರ್ಡ್ ಹಿಂದಕ್ಕೆ.

ಇದರ ಜೊತೆಗೆ ಎಣಿಸೋದು ಕಲೀರಿ. ನಾನು "ಒಂದು ಮೆಜೆಸ್ಟಿಕ್, ಎರಡು ಮೆಜೆಸ್ಟಿಕ್" ಅಂತ ಎಣಿಸ್ತೀನಿ, ಒಂದೊಂದಕ್ಕೂ ಹೆಚ್ಚುಕಮ್ಮಿ ಒಂದು ಸೆಕೆಂಡ್. ಮೂರನೇ ಮೆಜೆಸ್ಟಿಕ್ ಅರ್ಧಕ್ಕೆ ಬರೋವರೆಗೂ, ಅಂದ್ರೆ 2.5 ಸೆಕೆಂಡ್, ಲೈನ್ ನಿಂತಿದ್ರೆ ಅವರು ಅವರ ಕೆಲಸ ಮಾಡಿದ ಹಾಗೆ. ಅದಾದ ಮೇಲೂ ಬಾಲ್ ಕೈಯಲ್ಲೇ ಇಟ್ಕೊಂಡು ಸ್ಯಾಕ್ ಆದ್ರೆ (ಎಸೆಯೋ ಮೊದಲೇ ಅವನನ್ನ ಕೆಡವಿದ್ರೆ) ಆ ಬೈಗುಳ ಹೆಚ್ಚಾಗಿ ಕ್ವಾರ್ಟರ್‌ಬ್ಯಾಕ್‌ಗೇ ಸೇರ್ಬೇಕು, ಇದಕ್ಕೇ ನಾನು ಬರೀ ಸ್ಯಾಕ್ ಲೆಕ್ಕ ನೋಡಿ ಲೈನ್ ಕೆಟ್ಟದು ಅಂತ ಹೇಳಲ್ಲ.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ, ಎದುರಿಂದ ಎಷ್ಟು ಜನ ನುಗ್ಗಿದ್ರು ಅನ್ನೋದು. ಆರು ಜನ ಬ್ಲಿಟ್ಜ್ ಮಾಡಿದಾಗ (ಮಾಮೂಲಿ ನಾಲ್ಕಕ್ಕಿಂತ ಹೆಚ್ಚು ಜನ ನುಗ್ಗೋದು) ಒಬ್ಬ ತಪ್ಪಿಸ್ಕೊಂಡು ಬಂದ್ರೆ ಅದು ಗಣಿತ, ತಡೆಯೋಕೆ ಜನ ಸಾಲಲ್ಲ. ಆದ್ರೆ ಬರೀ ನಾಲ್ಕು ಜನ ಬಂದು ಐದು ಜನರನ್ನ ದಾಟಿಬಿಟ್ರೆ? ಉಳಿದ ಏಳು ಜನ ಹಿಂದೆ ಕ್ಯಾಚ್ ಹಿಡಿಯೋರನ್ನ ಕಾಯ್ಕೊಂಡು ನಿಂತಿರ್ತಾರೆ, ಕ್ವಾರ್ಟರ್‌ಬ್ಯಾಕ್‌ಗೆ ಟೈಮೂ ಇಲ್ಲ, ಎಸೆಯೋಕೆ ಜಾಗವೂ ಇಲ್ಲ. ಫೈನಲ್ ಸೋಲೋದು ಇಲ್ಲೇ.

ಫೆಬ್ರವರಿ 2021ರ ಸೂಪರ್ ಬೌಲ್ ತಗೊಳ್ಳಿ. ಕ್ಯಾನ್ಸಸ್ ಸಿಟಿ ಚೀಫ್ಸ್ ಹಿಂದಿನ ವರ್ಷದ ಚಾಂಪಿಯನ್, ಪ್ಯಾಟ್ರಿಕ್ ಮಹೋಮ್ಸ್ ಅವರ ಕ್ವಾರ್ಟರ್‌ಬ್ಯಾಕ್. ಆದ್ರೆ ರೈಟ್ ಟ್ಯಾಕಲ್ ಮಿಚೆಲ್ ಶ್ವಾರ್ಟ್ಜ್ ಬೆನ್ನು ನೋವಿಂದ ಆಗ್ಲೇ ಹೊರಗೆ, ಲೆಫ್ಟ್ ಟ್ಯಾಕಲ್ ಎರಿಕ್ ಫಿಶರ್‌ಗೆ ಫೈನಲ್‌ಗೆ ಒಂದೇ ಮ್ಯಾಚ್ ಮುಂಚೆ ಹಿಮ್ಮಡಿ ಮೇಲಿನ ಸ್ನಾಯು ಹರಿದುಹೋಯ್ತು. ಎರಡೂ ತುದಿ ಖಾಲಿ. ಎದುರು ಟೀಮ್ ಟ್ಯಾಂಪಾ ಬೇ ಬ್ಲಿಟ್ಜ್ ಮಾಡಿದ್ದೇ ಅಪರೂಪ, ಹೆಚ್ಚಾಗಿ ನಾಲ್ಕೇ ಜನರನ್ನ ಕಳಿಸಿ ಮಹೋಮ್ಸ್‌ನ 29 ಸಲ ಒತ್ತಡಕ್ಕೆ ಸಿಲುಕಿಸಿದ್ರು, ಸೂಪರ್ ಬೌಲ್ ಇತಿಹಾಸದಲ್ಲಿ ಅದು ದಾಖಲೆ. ಒಂದು ಪ್ಲೇ ನಾನು ಎಷ್ಟು ಸಲ ಹಿಂದಕ್ಕೆ ಓಡಿಸಿ ನೋಡಿದ್ದೀನೋ ಲೆಕ್ಕ ಇಲ್ಲ: ಮಹೋಮ್ಸ್ ಹಿಂದಕ್ಕೆ ಓಡಿ ಓಡಿ ಕೊನೆಗೆ ಮುಗ್ಗರಿಸಿ ಬೀಳ್ತಾ, ಮೈ ನೆಲಕ್ಕೆ ಸಮವಾಗಿ ಗಾಳಿಯಲ್ಲಿರೋವಾಗ್ಲೇ ಬಾಲ್ ಎಸೀತಾನೆ, ಅದು ಎಂಡ್ ಝೋನಲ್ಲಿದ್ದ (ಬಾಲ್ ಹಿಡಿದ್ರೆ ಸ್ಕೋರ್ ಆಗೋ ಜಾಗ) ಅವರದೇ ಆಟಗಾರನ ಹೆಲ್ಮೆಟ್ ಮುಂಭಾಗಕ್ಕೆ ಬಡಿದು ಕೆಳಗೆ ಬೀಳುತ್ತೆ. ಅಂಥ ಎಸೆತ ಎಸೆಯೋಕೆ ಭೂಮಿ ಮೇಲೆ ಇನ್ನೊಬ್ಬ ಇದ್ನೋ ಇಲ್ವೋ, ಆದ್ರೂ ಚೀಫ್ಸ್‌ಗೆ 31-9ರ ಸೋಲು.

ಚೀಫ್ಸ್ ಪಾಠ ಕಲಿತ್ರು. ಜೋ ಥ್ಯೂನಿನ ದುಡ್ಡು ಸುರಿದು ತಂದ್ರು, ಒರ್ಲಾಂಡೋ ಬ್ರೌನ್‌ನ ಟ್ರೇಡ್ ಮಾಡಿ ತಂದ್ರು, ಡ್ರಾಫ್ಟಲ್ಲಿ (ಕಾಲೇಜು ಆಟಗಾರರನ್ನ ಆರಿಸ್ಕೊಳ್ಳೋದು) ಕ್ರೀಡ್ ಹಂಫ್ರಿ, ಟ್ರೇ ಸ್ಮಿತ್, ನಾಲ್ಕೂ ಜನ ಲೈನಿನವ್ರೇ. ಎರಡು ವರ್ಷ ಆದ್ಮೇಲೆ, 2023ರ ಫೆಬ್ರವರಿ, ಎದುರಿಗೆ ಫಿಲಡೆಲ್ಫಿಯಾ ಈಗಲ್ಸ್, ಲೀಗ್ ಹಂತದಲ್ಲಿ 70 ಸ್ಯಾಕ್ ಮಾಡಿದ್ದ ಟೀಮು. ಫೈನಲಲ್ಲಿ ಮಹೋಮ್ಸ್ ಮೇಲೆ ಒಂದೂ ಸ್ಯಾಕ್ ಇಲ್ಲ, 38-35 ಗೆದ್ರು. ಮತ್ತೆ ಎರಡು ವರ್ಷಕ್ಕೆ, 2025ರ ಫೈನಲಲ್ಲಿ, ಲೆಫ್ಟ್ ಟ್ಯಾಕಲ್ ಜಾಗಕ್ಕೆ ಸರಿಯಾದೋನು ಸಿಗದೆ ಗಾರ್ಡ್ ಆಗಿದ್ದ ಥ್ಯೂನಿನೇ ತುದಿಗೆ ತಂದು ನಿಲ್ಲಿಸಿದ್ರು, ಒಂದು ತೂತು ಮುಚ್ಚೋಕೆ ಹೋಗಿ ಗಾರ್ಡ್ ಜಾಗದಲ್ಲಿ ಇನ್ನೊಂದು ತೂತು. ಅದೇ ಈಗಲ್ಸ್ ಒಂದೇ ಒಂದು ಬ್ಲಿಟ್ಜ್ ಇಲ್ಲದೆ 6 ಸ್ಯಾಕ್ ಮಾಡಿ 40-22 ಹೊಡೆದ್ರು. ಆ ಬೆಳಿಗ್ಗೆ ಹಾಫ್ ಟೈಮಲ್ಲಿ 24-0 ಇತ್ತು, ನಾನು ಕಾಫಿಗೆ ಹಾಲು ಇಟ್ಟು ಬಂದು ಕೂತೆ, ಅಷ್ಟೊತ್ತಿಗೆ ಮ್ಯಾಚ್ ಮುಗಿದ ಹಾಗೇ ಇತ್ತು.

ಹಾಗಂತ ಲೈನ್ ಒಂದಿದ್ರೆ ಕಪ್ ಬರುತ್ತೆ ಅಂತ ಅಲ್ಲ, ಇಲ್ಲಿ ಹುಷಾರಾಗಿರಿ. ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ನ ಲೆಫ್ಟ್ ಟ್ಯಾಕಲ್ ಜೋ ಥಾಮಸ್ ಸತತ 10,363 ಸ್ನ್ಯಾಪ್ ಆಡಿದ, ಒಂದೂ ಬಿಡದೆ, ಹಾಲ್ ಆಫ್ ಫೇಮ್‌ಗೂ ಹೋದ, ಆದ್ರೆ ಒಂದು ಪ್ಲೇಆಫ್ ಮ್ಯಾಚೂ ಆಡೋ ಭಾಗ್ಯ ಅವನಿಗೆ ಬರಲಿಲ್ಲ, ಇದು ನನಗೆ ಈಗಲೂ ಹೊಟ್ಟೆ ಉರಿಸೋ ವಿಷ್ಯ. ಅದಕ್ಕೇ ಸ್ಟಾರ್ ಯಾರು ಅಂತ ಹುಡುಕ್ಬೇಡಿ, ವೀಕ್ ಯಾರು ಅಂತ ಹುಡುಕಿ, ಎದುರು ಟೀಮಿನ ಕೋಚೂ ಅವನನ್ನೇ ಹುಡುಕ್ತಿರ್ತಾನೆ. ಇನ್ನು 2016ರ ಫೆಬ್ರವರಿಯಲ್ಲಿ ಡೆನ್ವರ್ ಗೆದ್ದಾಗ ಅವರ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ 5 ಸಲ ಸ್ಯಾಕ್ ಆಗಿದ್ದ, ಆದ್ರೂ 24-10, ಯಾಕಂದ್ರೆ ಅವರ ಡಿಫೆನ್ಸ್ ಎದುರು ಟೀಮಿನ ಲೈನ್‌ನ ಅದಕ್ಕಿಂತ ಕೆಟ್ಟದಾಗಿ ಒಡೆದುಹಾಕ್ತು. ಸಿನ್ಸಿನಾಟಿಯ ಕ್ವಾರ್ಟರ್‌ಬ್ಯಾಕ್ ಜೋ ಬರೋ 2022ರ ಪ್ಲೇಆಫಲ್ಲಿ ಟೆನೆಸಿ ಎದುರು 9 ಸ್ಯಾಕ್ ತಿಂದೂ 19-16 ಗೆದ್ದ. ಆದ್ರೆ ಫೈನಲಲ್ಲಿ 7 ಸ್ಯಾಕ್, ಕೊನೇ ಚಾನ್ಸ್‌ನಲ್ಲಿ ಬಾಲ್ ಉಳಿಸ್ಕೊಳ್ಳೋಕೆ ಬೇಕಿದ್ದದ್ದು ಒಂದೇ ಯಾರ್ಡ್, ಎದುರು ಟೀಮಿನ ಆರನ್ ಡೊನಾಲ್ಡ್ ಗಾರ್ಡ್‌ನ ದಾಟಿ ಬಂದು ಸೊಂಟ ಹಿಡಿದು ತಿರುಗಿಸಿಬಿಟ್ಟ, ಬಾಲ್ ಎಲ್ಲೋ ಬಿತ್ತು, 23-20ಕ್ಕೆ ಸೋಲು.

ಇನ್ನೊಂದು ಕಡೆ ವಾಷಿಂಗ್ಟನ್ ಟೀಮ್ ಇದೆ. 1983, 1988, 1992ರಲ್ಲಿ ಮೂರು ಸೂಪರ್ ಬೌಲ್ ಗೆದ್ರು, ಮೂರು ಬೇರೆ ಬೇರೆ ಕ್ವಾರ್ಟರ್‌ಬ್ಯಾಕ್: ಥೀಸ್‌ಮನ್, ಡಗ್ ವಿಲಿಯಮ್ಸ್, ರಿಪಿಯೆನ್. ಟೀಮಲ್ಲಿ ಮೂರೂ ಸಲ ಇದ್ದೋರು 'ಹಾಗ್ಸ್' ಅಂತ ಹೆಸರಾದ ಲೈನಿನ ಜಾಕೋಬಿ, ಗ್ರಿಮ್, ಬೋಸ್ಟಿಕ್. ಕೋಚ್ ಜೋ ಗಿಬ್ಸ್ ಕೂಡ ಮೂರು ಸಲವೂ ಇದ್ರು, ಅದನ್ನೂ ಲೆಕ್ಕಕ್ಕೆ ತಗೋಬೇಕು, ಆದ್ರೂ ನನ್ನ ಮಟ್ಟಿಗೆ ಲೈನ್ ಪರವಾಗಿ ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ.

ಹಾಗಾಗಿ ನಾನು ತೂಗೋದು ಹೀಗೆ: ಕ್ವಾರ್ಟರ್‌ಬ್ಯಾಕ್ ಮೊದಲು, ಅದರಲ್ಲಿ ಅನುಮಾನ ಇಲ್ಲ, ಎರಡನೇ ಜಾಗದಲ್ಲಿ ಲೈನ್, ಅದೂ ಎದುರು ಟೀಮಿನ ಪಾಸ್ ರಷ್ (ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗೋರ ಬಲ) ಪಕ್ಕದಲ್ಲಿಟ್ಟು ನೋಡಿದಾಗ. ಲೀಗ್ ಹಂತದಲ್ಲಿ ಒಳ್ಳೆ ಕ್ವಾರ್ಟರ್‌ಬ್ಯಾಕ್ ಕೆಟ್ಟ ಲೈನ್‌ನ ಮುಚ್ಚಿಹಾಕ್ತಾನೆ, ಬೇಗ ಎಸೀತಾನೆ, ಓಡಿ ತಪ್ಪಿಸ್ಕೋತಾನೆ, ಎದುರಿಗೆ ಬರೋ ಡಿಫೆನ್ಸ್‌ಗಳೂ ಎಲ್ಲಾ ಅಷ್ಟು ಗಟ್ಟಿ ಇರಲ್ಲ. ಫೈನಲಲ್ಲಿ ಎರಡು ವಾರ ಕೂತು ನಿಮ್ಮ ವೀಕ್ ಗಾರ್ಡ್‌ನ ಓದಿರೋ ಟೀಮ್ ಎದುರಿಗಿರುತ್ತೆ, ಜೊತೆಗೆ ನೀವು 10 ಪಾಯಿಂಟ್ ಹಿಂದೆ ಬಿದ್ರೆ ಪಾಸೇ ಆಡ್ಬೇಕು ಅಂತ ಅವರಿಗೂ ಗೊತ್ತು.

ಒಂದು ಮಾತು, ಇಲ್ಲಿ ಪಾರ್ಕ್‌ಗಳಲ್ಲಿ ಫ್ಲ್ಯಾಗ್ ಫುಟ್‌ಬಾಲ್ (ಎದುರಾಳಿನ ಕೆಡವೋ ಬದಲು ಸೊಂಟದ ಪಟ್ಟಿ ಕೀಳೋ ಆಟ) ಆಡೋ ಹುಡುಗ್ರು ಹುಡುಗೀರಿಗೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಅದೇ ಬರ್ತಿದೆ, ಆಡಿ, ಚೆನ್ನಾಗಿದೆ, ಆದ್ರೆ ಆ ಐದೈದು ಜನರ ಆಟದಲ್ಲಿ ಮೈ ಒಡ್ಡಿ ತಡೆಯೋ ಹಾಗಿಲ್ಲ, ಲೈನೇ ಇಲ್ಲ, ಅಲ್ಲಿಂದ ಇದನ್ನ ಕಲಿಯೋಕಾಗಲ್ಲ.

ಕಲಿಯೋಕೆ ಸೆಪ್ಟೆಂಬರ್ ಒಳ್ಳೇದು, ಭಾನುವಾರ ರಾತ್ರಿ 10.30ಕ್ಕೆ ಮೊದಲ ಮ್ಯಾಚ್‌ಗಳು ಶುರು. ಒಂದೇ ಟೀಮ್ ಆರಿಸ್ಕೊಳ್ಳಿ, ವಾರಕ್ಕೆ ಒಂದು ಜಾಗ ನೋಡಿ, ಎಡ ತುದಿಯಿಂದ ಬಲ ತುದಿಗೆ ಐದು ವಾರ, ನೋಟ್‌ಬುಕ್ಕಲ್ಲಿ ಮೂರೇ ವಿಷ್ಯ ಬರೀರಿ: ಎಷ್ಟು ಮೆಜೆಸ್ಟಿಕ್, ಎಷ್ಟು ಜನ ನುಗ್ಗಿದ್ರು, ಮೊದಲು ಯಾರು ಸೋತ್ರು. ಜನವರಿ ಮೊದಲ ವಾರ ಆ ಪುಟ ತೆಗೆದು ಇಂಜುರಿ ಲಿಸ್ಟ್ ಪಕ್ಕ ಇಡಿ, ಸೆಪ್ಟೆಂಬರಲ್ಲಿದ್ದ ಐದು ಹೆಸರಲ್ಲಿ ಎಷ್ಟು ಉಳಿದಿವೆ ನೋಡಿ, ಹೊರಗೆ ಹೋದೋನ ಜಾಗಕ್ಕೆ ಬಂದಿರೋನ ಪಾದದಿಂದ ಮತ್ತೆ ಶುರು ಮಾಡಿ.