ಪ್ರಸಂಗಗಳೆಲ್ಲ ಸಾದಾ ಟೆಕ್ಸ್ಟ್ ಫೈಲಿಗೆ: ನನ್ನ ಅನುಭವ

ಚರ್ಚಿನಲ್ಲಿ ಬೋಧಿಸಲೆಂದು ವರ್ಷಗಟ್ಟಲೆ ಬರೆದ ಪ್ರಸಂಗಗಳು ಬೇರೆಬೇರೆ ತಂತ್ರಾಂಶಗಳಲ್ಲಿ ಚದುರಿದ್ದವು, ಬೇಕಾದಾಗ ಸಿಗುತ್ತಿರಲಿಲ್ಲ. ಈಗ ಪ್ರಸಂಗಕ್ಕೊಂದು ಸಾದಾ ಟೆಕ್ಸ್ಟ್ ಫೈಲ್, ಎಲ್ಲವೂ ಯುಟಿಎಫ್-8ರಲ್ಲಿ (ಯುನಿಕೋಡ್ ಅಕ್ಷರಗಳನ್ನು ಉಳಿಸುವ ಸಾಮಾನ್ಯ ವಿಧಾನ).

ತೊಡಕು ಬಿಡಿಸಿದ್ದು ಮುಖ್ಯವಾಗಿ ಫೈಲಿನ ಹೆಸರು. ಬೈಬಲಿನ 66 ಪುಸ್ತಕಗಳಲ್ಲಿ ಲೂಕನ ಸುವಾರ್ತೆ 42ನೆಯದು. ಹಾಗಾಗಿ ಅದರ 15ನೇ ಅಧ್ಯಾಯದ ತಪ್ಪಿಹೋದ ಮಗನ ಸಾಮ್ಯದ (ದೃಷ್ಟಾಂತ ಕಥೆಯ) ಪ್ರಸಂಗಕ್ಕೆ ‘42-015-ತಪ್ಪಿಹೋದ-ಮಗ’ ಎಂದು ಹೆಸರು. ಅಧ್ಯಾಯಕ್ಕೆ ಮೂರು ಅಂಕಿ ಬೇಕೇ ಬೇಕು, ಕೀರ್ತನೆಗಳ ಪುಸ್ತಕದಲ್ಲಿ 150 ಇವೆಯಲ್ಲ! ಪಟ್ಟಿ ತಾನಾಗಿಯೇ ಮೊದಲ ಪುಸ್ತಕ ಆದಿಕಾಂಡದಿಂದ ಕೊನೆಯ ಪ್ರಕಟನೆಯವರೆಗೆ ಸಾಲಾಗಿ ನಿಲ್ಲುತ್ತದೆ. ನನಗೆ ಇದೇ ದೊಡ್ಡ ಸಮಾಧಾನ.

ಮೊದಲ ಸಾಲಿನಲ್ಲಿ ಬೋಧಿಸಿದ ದಿನ, ಸಭೆ. ಗ್ರೆಪ್‌ನಲ್ಲಿ (ಫೈಲುಗಳೊಳಗೆ ಪದ ಹುಡುಕುವ ಆಜ್ಞೆ) ‘ಕ್ಷಮೆ’ ಎಂದು ಹುಡುಕಿದರೆ ಆ ಪದವಿರುವ ಸಾಲುಗಳೆಲ್ಲ ಎದುರಿಗೆ ಬರುತ್ತವೆ. ಹಳೆಯ ಆಸ್ಕಿ ಫಾಂಟಿನ (ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೆ ಕನ್ನಡ ರೂಪ ತೊಡಿಸಿದ ಫಾಂಟ್) ಬರಹವನ್ನು ಮೊದಲು ಯುನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಕಣ್ಣಾರೆ ನೋಡಿ ತಿದ್ದಿಕೊಳ್ಳಿ. ಇಲ್ಲದಿದ್ದರೆ ಹುಡುಕಾಟಕ್ಕೆ ಆ ಪದಗಳು ಸಿಗುವುದಿಲ್ಲ.