ಇಳಿಜಾರು ಪೇಟೆಬೀದಿ: ಅಂಗಡಿ ಹೊಸ್ತಿಲಿಂದ ಶುರು ಮಾಡಿದ್ದು

ಶಿರಸಿಯಲ್ಲಿ ಸಪಾಟು ಬೀದಿ ಹುಡುಕುವುದೇ ಕಷ್ಟ. ವಿನ್ಯಾಸ ಮಾಡಲು ನನಗೆ ಸಿಕ್ಕ ಪೇಟೆಬೀದಿ 80 ಮೀಟರ್ ಉದ್ದ, ಮೇಲಿನ ತುದಿಯಿಂದ ಕೆಳಗಿನ ತುದಿಗೆ 5 ಮೀಟರ್ ಇಳಿತ. ಅಂದರೆ 16 ಮೀಟರಿಗೆ ಒಂದು ಮೀಟರ್. ಮೊದಲು ಇಡೀ ಬೀದಿಗೆ ಅಗಲ ಮೆಟ್ಟಿಲು ಬರೆದಿದ್ದೆ, ನಕ್ಷೆಯಲ್ಲಿ ಬಹಳ ಚೆಂದ ಕಾಣುತ್ತಿತ್ತು. ಒಂದು ಬೆಳಿಗ್ಗೆ ಅಲ್ಲೇ ಹೋಗಿ ನಿಂತೆ. ತರಕಾರಿಯ ತಳ್ಳುಗಾಡಿ, ಚೀಲ ಹೇರಿದ ಕೈಗಾಡಿ, ಕೋಲು ಹಿಡಿದ ಅಜ್ಜಿ. "ಹತ್ತೂಕೆ ಅಡ್ಡಿಲ್ಲ ತಮಾ, ಇಳಿಯೂಕೇ ಹೆದ್ರಿಕೆ" ಅಂದರು ಅವರು. ಅವತ್ತೇ ಮೆಟ್ಟಿಲು ಕೈಬಿಟ್ಟೆ.

ಆಮೇಲೆ ಮೇಸ್ತ್ರಿ ಜೊತೆ ಮಟ್ಟ ನೋಡುವ ನೀರಿನ ಪೈಪ್ ಹಿಡಿದು ಒಂದೊಂದೇ ಅಂಗಡಿಯ ಹೊಸ್ತಿಲಿನ ಎತ್ತರ ಅಳೆದೆವು. ವಿನ್ಯಾಸ ಮಾಡುವ ನಾವು ಸಾಮಾನ್ಯವಾಗಿ ರಸ್ತೆಯ ನಡುಗೆರೆಯಿಂದ ಶುರು ಮಾಡುತ್ತೇವೆ, ಹೊಸ್ತಿಲು ಕೊನೆಗೆ ಹೇಗೋ ಹೊಂದಿಕೊಳ್ಳಲಿ ಅಂತ ಬಿಡುತ್ತೇವೆ. ತಪ್ಪಾಗುವುದು ಅಲ್ಲೇ. 6 ಮೀಟರ್ ಅಗಲದ ಅಂಗಡಿಯ ಮುಂದೆಯೇ ಬೀದಿ ಸುಮಾರು 37 ಸೆಂಟಿಮೀಟರ್ ಇಳಿಯುತ್ತದೆ, ಹಾಗಾಗಿ ಬಾಗಿಲು ಎಲ್ಲಿದೆ ಅನ್ನುವುದೇ ಎಲ್ಲ ಲೆಕ್ಕ. ಪ್ರತಿ ಅಂಗಡಿಯ ಮುಂದೆ ಅದರ ಒಳನೆಲದ ಮಟ್ಟಕ್ಕೆ ಒಂದು ಸಪಾಟು ಕಟ್ಟೆ ಮಾಡಿದೆ. ಮೇಲಿನ ಅಂಚಿನಲ್ಲಿ ಅದು ಕಾಲುದಾರಿಗೆ ಸಮ, ಒಳಗೆ ಹೋಗಲು ಒಂದೂ ಮೆಟ್ಟಿಲಿಲ್ಲ. ಕೆಳಗಿನ ಅಂಚಿನಲ್ಲಿ 37 ಸೆಂಟಿಮೀಟರ್ ಎತ್ತರ, ಸುಸ್ತಾದವರು ಕೂರಲು ಹೇಳಿ ಮಾಡಿಸಿದಂತೆ! ಎರಡು ಹಳೆ ಅಂಗಡಿಗಳ ನೆಲ ಹೊಂದಲಿಲ್ಲ, ಅಲ್ಲಿ 1:12ರ, ಅಂದರೆ 12 ಮೀಟರಿಗೆ ಒಂದು ಮೀಟರ್ ಏರುವ, ಸಣ್ಣ ರ‍್ಯಾಂಪ್ ಕೊಟ್ಟೆ.

ಕಟ್ಟೆಯ ಹೊರಗೆ 1.8 ಮೀಟರ್ ಅಗಲದ ಕಾಲುದಾರಿ, ಒಂದೇ ಇಳಿಜಾರಿನಲ್ಲಿ, ಒಂದು ಬದಿಗೆ ಹಿಡಿದುಕೊಳ್ಳಲು ಕಂಬಿ. ಅಡ್ಡಕ್ಕೆ ರಸ್ತೆ ಕಡೆ 1:50 ಓರೆ ಕೊಟ್ಟೆ. ಅಷ್ಟು ಇಲ್ಲದಿದ್ದರೆ ಮಳೆನೀರು ಸೀದಾ ಅಂಗಡಿಗೆ ನುಗ್ಗುತ್ತದೆ. ಜಾಸ್ತಿ ಆದರೆ ನಡೆಯುವವರ ಕಾಲು ವಾಲುತ್ತದೆ, ಗಾಲಿಕುರ್ಚಿ ಒಂದು ಕಡೆಗೇ ಎಳೆಯುತ್ತದೆ.

ಕಲ್ಲಿನ ಬಗ್ಗೆ ಹೇಳಲೇಬೇಕು. ಮಳೆಗಾಲದಲ್ಲಿ ಹಾವಸೆ ಕಟ್ಟಿದ ಅಂಗಳದಲ್ಲಿ ಅಡಿಕೆ ದಬ್ಬೆ ಹಾಸಿ ನಡೆಯುವ ಊರು ನಮ್ಮದು, ಅಲ್ವಾ? ಅಂಥಲ್ಲಿ ನುಣುಪು ಟೈಲ್ಸ್ ಹಾಕುವುದು ಅನ್ಯಾಯ. ಹಿಂದೊಂದು ಕೆಲಸದಲ್ಲಿ ನಾನೇ ಹಾಕಿಸಿ, ಜನ ಜಾರಿದ್ದನ್ನು ಕಣ್ಣಾರೆ ನೋಡಿದ್ದೇನೆ. ಈ ಸಲ ಮೈ ಒರಟು ಮಾಡಿದ ಗ್ರಾನೈಟ್ ಹಾಕಿಸಿದೆ, ಮಾಡಿನ ನೀರನ್ನು ಪೈಪಲ್ಲಿ ಗಟಾರಕ್ಕೆ ಇಳಿಸಿದೆ.

ಅಡ್ಡ ಗಟಾರದ ಜಾಲರಿಯ ಸಂದು 12 ಮಿಲಿಮೀಟರ್ ಮೀರದಂತೆ ನೋಡಿಕೊಳ್ಳಿ. ಪಟ್ಟಿಗಳು ನಡೆಯುವ ದಿಕ್ಕಿಗೆ ಅಡ್ಡ ಇರಲಿ. ಉದ್ದಕ್ಕೆ ಹಾಕಿದರೆ ಅಜ್ಜಿಯ ಕೋಲು, ತಳ್ಳುಗಾಡಿಯ ಚಕ್ರ ಎರಡೂ ಸಿಕ್ಕಿಬೀಳುತ್ತವೆ.